ಹಾಕು, ತೆಗೆ ಬಿಟ್ಟವನು

ಕೆಲವರು ಸಿಗರೇಟು ಬಿಡುತ್ತಾರೆ, ಕೆಲವರು ಸಕ್ಕರೆ ಬಿಡುತ್ತಾರೆ. ಆನಾಫ್ ಅಣ್ಣ ಬಿಟ್ಟದ್ದು ಎರಡು ಮಾತುಗಳನ್ನು: ಹಾಕು ಮತ್ತು ತೆಗೆ. ಹದಿಮೂರನೇ ವಯಸ್ಸಿನಲ್ಲಿ ಬಿಟ್ಟವನು ಐವತ್ತೊಂದು ತುಂಬುವವರೆಗೂ ಅವನ್ನು ಮತ್ತೆ ಬಾಯಿಗೆ ತಂದುಕೊಂಡಿರಲಿಲ್ಲ. ತಂದುಕೊಂಡ ದಿನ ಏನಾಯಿತು ಎಂಬುದೇ ಈ ಕತೆ.

ಈ ಎರಡು ಮಾತಿಲ್ಲದೆ ಕನ್ನಡದಲ್ಲಿ ಒಂದು ದಿನ ಬದುಕಿ ನೋಡಿ, ಕಷ್ಟ ಗೊತ್ತಾಗುತ್ತದೆ. ಬಾಗಿಲು ಹಾಕು ಎಂದರೆ ಮುಚ್ಚು, ಲೈಟು ಹಾಕು ಎಂದರೆ ಹೊತ್ತಿಸು. ಒಂದು ಕಡೆ ಹಾಕಿದರೆ ಬಂದ್, ಇನ್ನೊಂದು ಕಡೆ ಹಾಕಿದರೆ ಚಾಲೂ. ತೆಗೆಯೂ ಅದರ ಒಡಹುಟ್ಟಿದ್ದೇ. ಬಾಗಿಲು ತೆಗೆದರೆ ದಾರಿ ಬಿಡುತ್ತದೆ, ಪ್ಲಗ್ ತೆಗೆದರೆ ಕರೆಂಟ್ ನಿಲ್ಲುತ್ತದೆ. ಇಂಥ ಎರಡು ನಾಲಿಗೆಯ ಮಾತುಗಳನ್ನು ನೀರೂ ಕರೆಂಟೂ ಒಟ್ಟಿಗೆ ಇರುವ ಜಾಗದಲ್ಲಿ ಆಡಲೇಬಾರದು ಎಂಬುದು ಅವನ ಹಟ. ಅವನ ಕಸುಬು ಇರುವುದೇ ಅಂಥ ಜಾಗದಲ್ಲಿ. ಮನೆಗಳಲ್ಲಿ ಹಾಟ್ ಟಬ್ ಕೂರಿಸುವುದು, ವೈರು ಎಳೆಯುವುದು, ಅದರಲ್ಲಿ ಕೂರುವವರಿಗೆ ಹೇಗೆ ಕೂರಬೇಕು ಎಂದು ಕಲಿಸುವುದು. ಸ್ವಿಚ್ಚಿಗೆ ಆನ್, ಆಫ್. ಮುಚ್ಚಳಕ್ಕೆ ಮುಚ್ಚಿ, ಎತ್ತಿ. ಇಷ್ಟರ ಆಚೆ ಅವನು ಹೋಗುತ್ತಿರಲಿಲ್ಲ. ಅದಕ್ಕೇ ಗಿರಾಕಿಗಳ ಬಾಯಲ್ಲಿ ಆನಾಫ್ ಅಣ್ಣ ಆದ. ಮನೆಯಲ್ಲೂ ಅದೇ ಗೋಳು. ಹೆಂಡತಿ "ಚಳಿ ಇದೆ, ಸ್ವೆಟರ್ ಹಾಕ್ಕೊಳ್ರಿ" ಎಂದರೆ "ತೊಟ್ಕೋತೀನಿ" ಎನ್ನುವವನು. "ಮಾತಿಗೂ ಅರ್ಥಿಂಗ್ ಕೊಟ್ಟಿರೋ ಗಂಡಸು ನಮ್ಮವರೊಬ್ಬರೇ" ಎಂದು ಅವಳು ನಗುತ್ತಿದ್ದಳು.

ನಗುವ ವಿಷಯವಾಗಿರಲಿಲ್ಲ ಅದು. ಆದರೆ ಅವಳಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಅವನಿಗೆ ಹದಿಮೂರು, ಅಕ್ಕನಿಗೆ ಹದಿನೆಂಟು. ಬಚ್ಚಲಲ್ಲಿ ಬಕೆಟ್ಟಿಗೆ ಕರೆಂಟಿನ ರಾಡು ಇಳಿಬಿಟ್ಟು ನೀರು ಕಾಯಿಸುವ ಕಾಲ. ರಾಡಿನ ಪ್ಲಗ್ಗು ಇದ್ದದ್ದು ಬಚ್ಚಲಿನ ಹೊರಗೆ, ಮನೆಯೊಳಗಿನ ಓಣಿಯ ಗೋಡೆಯಲ್ಲಿ, ಕಿಟಕಿಯ ಪಕ್ಕ. ಒಳಗಿನಿಂದ ಅಕ್ಕ ಕೂಗಿದಳು: "ಲೋ, ಆ ಪ್ಲಗ್ ತೆಗಿ. ಹಾಗೇ ಕಿಟಕಿನೂ ತೆಗಿ, ಹಬೆ ತುಂಬ್ಕೊಂಡಿದೆ." ಹುಡುಗ ಮೊದಲು ಕಿಟಕಿ ತೆಗೆದ. ಹೊರಗೆ ಕಾಂಪೌಂಡಿನ ಮೇಲೆ ಎರಡು ಬೆಕ್ಕುಗಳು ಬೆನ್ನು ಸೆಟೆದು ನಿಂತಿದ್ದವು. ಜಗಳ ಶುರುವಾಗುವುದರಲ್ಲಿತ್ತು. ಅವನು ನೋಡುತ್ತ ನಿಂತ. "ತೆಗ್ದ್ಯೇನೋ?" ಎಂದು ಅಕ್ಕ ಕೇಳಿದಳು. "ತೆಗ್ದೆ" ಎಂದ. ಅಕ್ಕ ನೀರಿಗೆ ಕೈ ಇಟ್ಟಳು.

ಜೀವ ಉಳಿಯಿತು. ಬಲಗೈಯ ಎರಡು ಬೆರಳು ಮಾತ್ರ ಅಂದಿನಿಂದ ಮಡಚಲಿಲ್ಲ, ಕೋಲಿನಂತೆ ನೆಟ್ಟಗೆ ನಿಂತುಬಿಟ್ಟವು. ಟೈಪಿಸ್ಟ್ ಕೆಲಸಕ್ಕೆ ಬಂದಿದ್ದ ಕರೆ ಹಾಗೇ ವಾಪಸಾಯಿತು. ಶಾಕಿನ ಹೊಡೆತಕ್ಕೆ ಅದರ ಹಿಂದಿನ ಹತ್ತು ನಿಮಿಷ ಅಕ್ಕನ ನೆನಪಿನಿಂದ ಅಳಿಸಿಹೋಗಿತ್ತು. ತಾನು ಕೇಳಿದ್ದೂ ಅವಳಿಗೆ ನೆನಪಿಲ್ಲ, ಅವನು ಹೇಳಿದ್ದೂ ಇಲ್ಲ. ಅಪ್ಪ, ಅಮ್ಮ, ಅತ್ತೆ, ಚಿಕ್ಕಪ್ಪ ಎಲ್ಲರೂ ಸೇರಿ ಅವಳನ್ನು ಆತುರಗಾರತಿ ಎಂದು ತೀರ್ಮಾನಿಸಿದರು. "ಒಂದ್ಮಾತು ಕೇಳಿ ಕೈ ಇಡಬಾರದಿತ್ತಾ?" ಗೂಬೆ ಅಕ್ಕನ ತಲೆಯ ಮೇಲೆ ಕೂತಿತು. ಹುಡುಗ ಬಾಯಿ ಬಿಡಲಿಲ್ಲ. ನಾಳೆ ಹೇಳೋಣ, ನಾಳಿದ್ದು ಹೇಳೋಣ ಎನ್ನುತ್ತ ಮೂವತ್ತೆಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ.

ಈಗ ಅಕ್ಕ ಅವನ ಮನೆಯ ಕೆಳಭಾಗದಲ್ಲೇ ಇದ್ದಳು. ಮದುವೆಯಾಗಲಿಲ್ಲ, ಲೈಬ್ರರಿಯ ಕೌಂಟರಿನಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸ. ತಮ್ಮನೇ ಊರಿಗೆಲ್ಲ ಬಿಸಿನೀರಿನ ತೊಟ್ಟಿ ಕೂರಿಸಿದರೂ ಅವಳು ಸ್ನಾನಕ್ಕೆ ಗ್ಯಾಸಿನ ಮೇಲೆಯೇ ನೀರು ಕಾಯಿಸುತ್ತಿದ್ದಳು. ಎಲ್ಲರೂ ಸೇರಿ ಇಟ್ಟ ಬಿರುದನ್ನು ಅವಳೂ ನಂಬಿದ್ದಳು. ಗ್ಯಾಸು ಆರಿಸಿದೆನೋ ಎಂದು ಎರಡು ಸಲ ನೋಡುವಳು. ಸಂಜೆ ಪಾಳಿಗೆ ಹೊರಡುವಾಗ ಬೀಗ ಜಡಿದು, ಜಗ್ಗಿ ನೋಡಿ, ಆಮೇಲೂ ಮೇಲಕ್ಕೆ ಕೂಗುವಳು: "ಲೋ, ಬೀಗ ಬಿದ್ದಿದ್ಯಾ ನೋಡ್ಬಾರೋ. ನನ್ನ ಕೈ ನಂಬೋಕಾಗಲ್ಲ." ಅವನು ಇಳಿದು ಬಂದು ಮೂರು ಸಲ ಜಗ್ಗುವನು. "ಬಿದ್ದಿದೆ ಅಕ್ಕ." ದಿನಾ ಸಂಜೆ ಆ ಒಂದು ಮಾತು ಅವನಿಗೆ ಮುಳ್ಳು ಮುರಿದಂತೆ ಒಳಗೇ ಉಳಿಯುತ್ತಿತ್ತು.

ಹೀಗಾಗಿ ಮನುಷ್ಯ ಕೂತಲ್ಲಿ ಕೂರುತ್ತಿರಲಿಲ್ಲ. ಮೈಮೇಲೆ ಇರುವೆ ಬಿಟ್ಟುಕೊಂಡವನಂತೆ ಎದ್ದು, ಓಡಾಡಿ, ಮುಗಿಸಿ ಬಂದ ಕೆಲಸವನ್ನು ಮತ್ತೆ ನೋಡಿ ಬರಲು ಸ್ಕೂಟರ್ ಏರುವನು.

ಆ ದಿನ ಬೆಳಿಗ್ಗೆ ಅವನು ರಿಟೈರಾದ ಟೀಚರೊಬ್ಬರ ಮನೆಯಲ್ಲಿ ಟಬ್ ಕೆಲಸ ಮುಗಿಸಿದ. ನಲವತ್ತು ವರ್ಷ ಬೋರ್ಡಿನ ಮುಂದೆ ನಿಂತು ಟೀಚರ್ ಮಂಡಿ ಸವೆದಿತ್ತು. ಬೆಚ್ಚಗಿನ ನೀರಿನಲ್ಲಿ ಕೂತರೆ ಒಳ್ಳೆಯದು ಎಂದು ಡಾಕ್ಟರ್ ಹೇಳಿದ್ದರು. ಆನಾಫ್ ಅದನ್ನು ಬಾಯಿಮಾತಿಗೆ ಒಪ್ಪಿರಲಿಲ್ಲ, ಬಿಪಿ ಇದ್ದವರಾದ್ದರಿಂದ ಟೀಚರ್ ಡಾಕ್ಟರ ಚೀಟಿ ಬರೆಸಿಕೊಂಡು ಬಂದ ಮೇಲೇ ಅಳತೆ ಟೇಪು ಬಿಚ್ಚಿದ್ದ. ಹಿತ್ತಿಲಿನ ಹಳೆಯ ಹಾಸುಗಲ್ಲುಗಳ ಮೇಲೆ ಇಡೋಣ ಎಂದಿದ್ದರು ಟೀಚರ್. "ನೀರು ತುಂಬಿದ್ರೆ ಒಂದೂವರೆ ಟನ್ ಆಗುತ್ತೆ ಟೀಚರ್. ಕಲ್ಲು ಕೂತುಬಿಡುತ್ತೆ, ಟಬ್ಬು ವಾಲುತ್ತೆ" ಎಂದು ಹೊಸದಾಗಿ ಕಾಂಕ್ರೀಟ್ ಹಾಸಿಸಿದ. ಮೀಟರಿನಿಂದ ಬೇರೆಯದೇ ಲೈನು ಎಳೆದ. ಟಬ್ಬಿನಿಂದ ಕಣ್ಣಿಗೆ ಕಾಣುವಂತೆ, ಆದರೆ ಒಳಗೆ ಕೂತವರ ಕೈಗೆ ಎಟುಕದಂತೆ, ಎದುರು ಗೋಡೆಯ ಮೇಲೆ ಟ್ರಿಪ್ ಸ್ವಿಚ್ಚಿನ ಪೆಟ್ಟಿಗೆ ಕೂರಿಸಿದ. ಕರೆಂಟು ಎಲ್ಲಾದರೂ ಸೋರಿದರೆ ತಾನಾಗಿ ಕೆಳಗೆ ಬೀಳುವ ಸ್ವಿಚ್ಚು ಅದು.

ಆಮೇಲೆ ಪಾಠ ಶುರು. ಟೀಚರಿಗೇ ಪಾಠ.

"ಮೂವತ್ತೆಂಟು ಡಿಗ್ರಿ ದಾಟೋದು ಬೇಡ. ಹದಿನೈದು ನಿಮಿಷ, ಅದಕ್ಕಿಂತ ಒಂದು ನಿಮಿಷ ಜಾಸ್ತಿ ಇಲ್ಲ. ಕೂದಲು ಮೇಲಕ್ಕೆ ಕಟ್ಕೊಳ್ಳಿ, ನೀರು ಎಳೆಯೋ ಜಾಲರಿ ಹತ್ರ ಹೋಗಬಾರದು. ಫೋನು ಅಡುಗೆಮನೇಲೇ ಇರ್ಲಿ. ಒಬ್ಬರೇ ಇಳೀಬೇಡಿ, ಪಕ್ಕದ್ಮನೆಯವರು ಬಂದು ಕೂತ್ಮೇಲೇ ಇಳೀರಿ. ಎದ್ದ ಮೇಲೆ ಮುಚ್ಚಳ ಮುಚ್ಚಿ ನಾಲ್ಕೂ ಕ್ಲಿಪ್ ಒತ್ತಿ. ಓಣಿ ಮಕ್ಕಳು ಗೋಡೆ ಹತ್ತಿ ಬರ್ತಾವೆ."

"ನಾನು ಕೂಡ ಮಕ್ಕಳಿಗೆ ಇಷ್ಟು ಒಪ್ಪಿಸು ಅಂದಿರಲಿಲ್ಲಪ್ಪ" ಎಂದರು ಟೀಚರ್. ಅರವತ್ತರ ಕೆಳಗಿನವರೆಲ್ಲ ಅವರಿಗೆ ವಿದ್ಯಾರ್ಥಿಗಳೇ, ಎಲ್ಲರೂ ನೀನೇ. "ಸರಿ, ಕೊನೆಗೆ ಹೇಳು. ಆ ಸ್ವಿಚ್ಚನ್ನ ಯಾವಾಗ್ಲೂ ಹಾಕಿರಬೇಕೋ, ತೆಗೆದಿರಬೇಕೋ?"

ಅವನ ಮುಖ ಗಂಟಾಯಿತು. "ಆನ್ ಅನ್ನಿ, ಆಫ್ ಅನ್ನಿ ಟೀಚರ್. ಆ ಬೇರೆ ಎರಡು ಮಾತು ಬೇಡ. ಯಾರಾದ್ರೂ ಹಾಗಂದ್ರೆ ಕೇಳಬೇಡಿ. ನಾನೇ ಹೇಳಿದ್ರೂ ನಂಬಬೇಡಿ."

ಕನ್ನಡ ಪಾಠ ಮಾಡಿದವರಿಗೆ ಅದು ಬಲು ಹಿಡಿಸಿತು. ನಾಲ್ಕು ಗಂಟೆಗೆ ಸರಿಯಾಗಿ ಇಳಿಯುವುದಾಗಿ ಹೇಳಿ ಕಳಿಸಿದರು. ಗಂಟೆ ಹೊಡೆದಂತೆ ಬದುಕಿದ ಜೀವ, ನಾಲ್ಕು ಎಂದರೆ ನಾಲ್ಕೇ. ಹೊರಟವನು ಎರಡು ಸಲ ವಾಪಸು ಬಂದ. ಮುಚ್ಚಳದ ಒಂದು ಕ್ಲಿಪ್ಪು ಯಾಕೋ ಗಟ್ಟಿಯಾಗಿ ಕೂರುತ್ತಿರಲಿಲ್ಲ. ಹೀಟರಿನ ಪೆಟ್ಟಿಗೆ ಬಿಗಿಯುತ್ತಿದ್ದ ಕೆಲಸವನ್ನೂ ನಡುವೆ ಬಿಟ್ಟು ಎದ್ದು ಆ ಕ್ಲಿಪ್ಪಿನ ಹಿಂದೆ ಬಿದ್ದಿದ್ದ. ದಾರಿಯುದ್ದಕ್ಕೂ ತಲೆಯಲ್ಲಿ ಅದೇ ಕ್ಲಿಪ್ಪು.

ಎರಡು ಗಂಟೆಯ ಹೊತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ ಬೇರೊಂದು ಟಬ್ಬಿನ ಹೊಟ್ಟೆಯೊಳಗೆ ತಲೆ ತೂರಿಸಿ ಮಲಗಿದ್ದ. ಕಿವಿಯ ಪಕ್ಕ ಪಂಪು ಗುಂಯ್‌ಗುಟ್ಟುತ್ತಿತ್ತು. ಫೋನು ಬಂತು. ಟೀಚರ್.

"ಏನಪ್ಪಾ, ಇದು ಬಿದ್ದು ಬಿದ್ದು ಹೋಗ್ತಿದೆ. ಹಾಕಿದ್ರೆ ನಿಲ್ತಾನೇ ಇಲ್ಲ. ತೆಗೆದೇ ಬಿಡ್ಲಾ?"

ತಲೆಯಲ್ಲಿ ಇದ್ದದ್ದು ಕ್ಲಿಪ್ಪು. ಕೇಳಿಸಿದ್ದೂ ಕ್ಲಿಪ್ಪೇ. ಒಂದು ಕೈಯಲ್ಲಿ ಸ್ಪ್ಯಾನರು, ಹಣೆಯಿಂದ ಬೆವರು, ಪಂಪಿನ ಗಲಾಟೆ. "ಅಯ್ಯೋ, ತೆಗೀಬೇಡಿ ಟೀಚರ್!" ಎಂದು ಕಿರುಚಿದ. "ಹಾಕೇ ಇರ್ಲಿ. ಬಿದ್ರೆ ಮತ್ತೆ ಹಾಕಿ. ಒತ್ತಿ ಹಿಡೀರಿ, ಕೂರುತ್ತೆ!"

"ಒತ್ತಿ ಹಿಡೀಲಾ?"

"ಹ್ಞೂಂ, ಗಟ್ಟಿಯಾಗಿ!"

ಫೋನು ಜೇಬಿಗೆ ಹೋಯಿತು. ಮೂವತ್ತೆಂಟು ವರ್ಷದ ವ್ರತ ಮುರಿದದ್ದು ವ್ರತ ಹಿಡಿದವನಿಗೇ ತಿಳಿಯಲಿಲ್ಲ. ಆದರೆ ಮನಸ್ಸು ಚಡಪಡಿಸತೊಡಗಿತು. ಏನೋ ಸರಿಯಿಲ್ಲ, ಏನೆಂದು ಗೊತ್ತಿಲ್ಲ. ಸ್ಕ್ರೂ ಕೈ ಜಾರಿತು. ಎರಡು ಸಲ ಎದ್ದು ನೀರು ಕುಡಿದ.

ಮೂರು ಗಂಟೆ ಕಳೆದು ಇಪ್ಪತ್ತು ನಿಮಿಷಕ್ಕೆ ಕೆಲಸ ಮುಗಿಸಿ, ಎಂದಿನಂತೆ ಟ್ರಿಪ್ ಸ್ವಿಚ್ಚಿನ ಟೆಸ್ಟ್ ಬಟನ್ ಒತ್ತಿ ತೋರಿಸಿದ. ಟಕ್ಕೆಂದು ಸ್ವಿಚ್ಚು ಕೆಳಗೆ ಹೋಯಿತು. ಆ ಮನೆಯ ಯಜಮಾನ, ಮೀಸೆಯ ದರ್ಜಿ, ಬೆಚ್ಚಿಬಿದ್ದು ಕೂಗಿದ: "ಅಯ್ಯಯ್ಯೋ, ಬಿದ್ದೇ ಹೋಯ್ತಲ್ಲ! ಮತ್ತೆ ಹಾಕ್ಲಾ?"

ಆನಾಫ್ ಅಣ್ಣನ ಬೆರಳು ಬಟನ್ನಿನ ಮೇಲೇ ನಿಂತಿತು. ಬಿದ್ದು ಬಿದ್ದು ಹೋಗ್ತಿದೆ. ಹಾಕಿದ್ರೆ ನಿಲ್ತಾನೇ ಇಲ್ಲ. ಮುಚ್ಚಳವೂ ಬೀಳುತ್ತದೆ, ಕ್ಲಿಪ್ಪೂ ಬೀಳುತ್ತದೆ, ಸ್ವಿಚ್ಚೂ ಬೀಳುತ್ತದೆ. ಟೀಚರ್ ಕೇಳಿದ್ದು ಸ್ವಿಚ್ಚನ್ನು! ಕರೆಂಟು ಸೋರುತ್ತಿದೆ ಎಂದು ಆ ಪುಟ್ಟ ಪೆಟ್ಟಿಗೆ ಬಿದ್ದು ಬಿದ್ದು ಹೇಳಿದರೆ, ತಾನು ಅದರ ಬಾಯಿ ಒತ್ತಿ ಹಿಡಿಯಲು ಹೇಳಿದೆ. ನಾಲ್ಕಕ್ಕೆ ಅವರು ನೀರಿಗಿಳಿಯುತ್ತಾರೆ.

ಫೋನು ಮಾಡಿದ. ರಿಂಗಾಯಿತು, ರಿಂಗಾಯಿತು, ಕಟ್ಟಾಯಿತು. ಮತ್ತೆ ಮಾಡಿದ. ಫೋನು ಅಡುಗೆಮನೆಯಲ್ಲೇ ಇರಬೇಕು ಎಂದವನು ಯಾರು? ತಾನೇ. ಪಕ್ಕದ ಮನೆಯವರ ನಂಬರು ಕೇಳಿ ಇಟ್ಟುಕೊಳ್ಳಬೇಕೆಂದು ಹೊಳೆಯದಿದ್ದದ್ದು ಯಾರಿಗೆ? ತನಗೇ. ಬ್ಯಾಗು, ಸ್ಪ್ಯಾನರು ಎಲ್ಲ ಅಲ್ಲೇ ಬಿಟ್ಟು ಸ್ಕೂಟರ್ ಏರಿದ. "ಸ್ವಿಚ್ ಏನ್ ಮಾಡ್ಲಿ ಸ್ವಾಮಿ?" ಎಂದು ದರ್ಜಿ ಗೇಟಿನವರೆಗೂ ಓಡಿ ಬಂದ. "ಆಫ್! ಆಫ್! ಆಫ್!"

ಸ್ವಿಚ್ಚಿನ ಕಡ್ಡಿಯನ್ನು ಹೊರಗಿನಿಂದ ಒತ್ತಿ ಹಿಡಿದರೂ ಒಳಗಿನ ಯಂತ್ರ ಬೀಳಲೇಬೇಕು, ಒಳ್ಳೆಯ ಸ್ವಿಚ್ಚನ್ನು ಹಾಗೇ ಮಾಡಿರುತ್ತಾರೆ. ಅದು ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಸಮಾಧಾನವಿಲ್ಲ. ನಿಲ್ಲದಿದ್ದರೆ ಟೀಚರ್ ಬೀದಿಯ ಯಾರಾದರೂ ಜಾಣನನ್ನು ಕರೆಯುತ್ತಾರೆ, ಅವನು ಬಂದು ಸ್ವಿಚ್ಚನ್ನೇ ದಾಟಿಸಿ ವೈರು ಕೊಡುತ್ತಾನೆ. ಅಂಥ ಜಾಣರು ಬೀದಿಗಿಬ್ಬರು ಇರುತ್ತಾರೆ. ಅವರು ಮಾಡಿಹೋದ ಕೆಲಸ ಅವನು ಎಷ್ಟು ಮನೆಗಳಲ್ಲಿ ನೋಡಿಲ್ಲ!

ರೈಲ್ವೆ ಗೇಟು ಮುಚ್ಚಿತ್ತು. ಎಂದೂ ಇಲ್ಲದ ಗೂಡ್ಸ್ ರೈಲು ಅವತ್ತೇ ಬರಬೇಕೆ? ಡಬ್ಬಿಗಳನ್ನು ಎಣಿಸಿದ, ಹದಿನೇಳಕ್ಕೆ ಲೆಕ್ಕ ತಪ್ಪಿತು. ಸ್ಕೂಟರಿನಿಂದ ಇಳಿದ, ಹತ್ತಿದ, ಮತ್ತೆ ಇಳಿದ. ಪಕ್ಕದ ಹಾಲಿನ ವ್ಯಾನಿನವನು "ಅಣ್ಣಾ, ಶೌಚಾಲಯ ಆ ಕಡೆ ಇದೆ" ಎಂದ. ಆನಾಫ್‌ಗೆ ನಗು ಬರಲಿಲ್ಲ. ನೆಟ್ಟಗೆ ನಿಂತ ಎರಡು ಬೆರಳುಗಳು ಕಣ್ಣ ಮುಂದೆ ಇದ್ದವು. ಒಂದೇ ಮಾತು, ಎರಡನೆಯ ಸಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮುತ್ತು ಹೋದರೆ ಹೋಗಲಿ, ಇಲ್ಲಿ ಹೋಗುವುದು ಜೀವ. ಅವನಿಗೆ ಅಳು ಬಂತು, ಹೆಲ್ಮೆಟ್ಟಿನೊಳಗೇ ಅತ್ತ.

ಟೀಚರ್ ಮನೆ ಮುಟ್ಟಿದಾಗ ನಾಲ್ಕು ಹೊಡೆದು ಎರಡು ನಿಮಿಷ. ಸ್ಕೂಟರನ್ನು ನಿಲ್ಲಿಸಲಿಲ್ಲ, ಬೀಳಿಸಿದ. ಪಕ್ಕದ ಸಂದಿಯಿಂದ ಹಿತ್ತಿಲಿಗೆ ಓಡಿದ. ಟಬ್ಬಿನ ಅರ್ಧ ಮುಚ್ಚಳ ಎತ್ತಿದೆ. ಟೀಚರ್ ಕೂದಲನ್ನು ಮೇಲಕ್ಕೆ ಕಟ್ಟಿ, ಹೆಗಲಿಗೆ ಟವೆಲು ಹೊದ್ದು, ತೋಳು ಮೇಲೇರಿಸಿ ಬಗ್ಗಿದ್ದಾರೆ. ಬಲಗೈ ಮೊಣಕೈವರೆಗೆ ನೀರಿನಲ್ಲಿದೆ.

"ತೆಗೀರಿ!" ಎಂದು ಚೀರಿದ. "ಟೀಚರ್, ತೆಗೀರಿ, ತೆಗೀರಿ!"

ಟೀಚರ್ ತಲೆ ಎತ್ತಿದರು. ನಿಧಾನವಾಗಿ ಕೇಳಿದರು: "ಏನನ್ನ? ಕೈನಾ, ಮುಚ್ಚಳನಾ, ಸ್ವಿಚ್ಚನ್ನಾ?"

ಅವನು ಎದುರು ಗೋಡೆಗೆ ಹಾರಿದ. ಪೆಟ್ಟಿಗೆ ತೆರೆದ. ಸ್ವಿಚ್ಚು ಆಗಲೇ ಕೆಳಗಿತ್ತು. ಅದರ ಮೇಲೆ ಒಂದು ಚೀಟಿ ಅಂಟಿಸಿತ್ತು, ದುಂಡಗಿನ ಅಕ್ಷರದಲ್ಲಿ, ಅಡಿಗೆರೆ ಎಳೆದು: ಆಫ್. ಯಾರೂ ಮುಟ್ಟಬಾರದು.

ಗೋಡೆಗೆ ಒರಗಿ ಅಲ್ಲೇ ಕುಸಿದು ಕೂತ. ಪಕ್ಕದ ಮನೆಯಾಕೆ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಂದು ನೀರು ಕೊಟ್ಟಳು.

"ನೀನು ಹೇಳ್ದಂಗೆ ಎರಡು ಸಲ ಹಾಕ್ದೆ" ಎಂದರು ಟೀಚರ್ ಕೈ ಒರೆಸಿಕೊಳ್ಳುತ್ತ. "ಒತ್ತೂ ಹಿಡಿದೆ. ಮೂರನೇ ಸಲಕ್ಕೆ ಕೈ ಎತ್ತಿದವಳಿಗೆ ಹೊಳೀತು. ಫೋನಲ್ಲಿ ಬಂದ ದನಿಯೇನೋ ನಿಂದೇ, ಮಾತು ನಿಂದಲ್ಲ. ನಾನೇ ಹೇಳಿದ್ರೂ ನಂಬಬೇಡಿ ಅಂತ ಬೆಳಿಗ್ಗೆ ನೀನೇ ತಾನೇ ಅಂದಿದ್ದು? ಆಫ್ ಮಾಡಿ ಬರೆದು ಅಂಟಿಸ್ದೆ. ನಾಲ್ಕಕ್ಕೆ ತಯಾರಾಗಿ ಬಂದೆ, ಇಳೀಲಿಲ್ಲ. ನೀರು ಎಷ್ಟು ಆರಿದೆ ಅಂತ ನೋಡ್ತಿದ್ದೆ ಅಷ್ಟೇ."

ಟೀಚರ್ ಮನೆಯ ಡಬ್ಬಿಯಲ್ಲಿದ್ದ ಹಳೆಯ ಸ್ಕ್ರೂಡ್ರೈವರಿನಿಂದ ಅವನು ಟಬ್ಬಿನ ಪಕ್ಕದ ಹಲಗೆ ಬಿಚ್ಚಿದ. ಹೀಟರಿನ ಪೆಟ್ಟಿಗೆಯೊಳಗೆ ವೈರು ಹೋಗುವ ತೂತಿನ ಬಿರಡೆ ಕೈಯಲ್ಲೇ ತಿರುಗಿತು. ಬೆಳಿಗ್ಗೆ ಬೆರಳಲ್ಲಿ ಬಿಗಿದು, ಸ್ಪ್ಯಾನರು ಕೊಡುವಷ್ಟರಲ್ಲಿ ಕ್ಲಿಪ್ಪಿನ ಚಿಂತೆ ಹತ್ತಿ ಎದ್ದುಹೋಗಿದ್ದ. ಮೇಲಿನ ಪೈಪಿನ ಜೋಡಣೆಯಿಂದ ಜಿನುಗಿದ ನೀರು ಆ ಸಡಿಲದ ದಾರಿಯಲ್ಲಿ ಒಳಗೆ ಇಳಿದಿತ್ತು. ಊರಿಗೆಲ್ಲ ಜೋಪಾನ ಹೇಳುವವನ ಕೈಯಿಂದಲೇ ಈ ಕೆಲಸ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

"ತಪ್ಪು ನಂದೇ ಟೀಚರ್. ಎರಡೂ ನಂದೇ. ಬಿರಡೆನೂ, ಮಾತೂ" ಎಂದ. "ಇವತ್ತು ನೀರಿಗೆ ಇಳಿಯೋ ಹಾಗಿಲ್ಲ. ಇದನ್ನ ಒಣಗಿಸಿ, ಹೊಸ ವಾಷರ್ ಕೊಟ್ಟು, ನಾಳೆ ಪೂರ್ತಿ ಟೆಸ್ಟ್ ಮಾಡಿ ಕೊಡ್ತೀನಿ."

"ಅದು ಸರಿ. ಅದಕ್ಕೆ ಇಷ್ಟು ನಡುಗ್ತಾರೇನೋ? ನಾನು ಬದುಕೇ ಇದೀನಲ್ಲ."

ಆಗ ಹೇಳಿದ. ಬಕೆಟ್ಟು, ರಾಡು, ಕಿಟಕಿ, ಬೆಕ್ಕು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ, ಅದೂ ಅಷ್ಟೇನೂ ಪರಿಚಯವಿಲ್ಲದ ಒಬ್ಬರ ಮುಂದೆ. ಮುಗಿದ ಮೇಲೆ ಟೀಚರ್ ಕೇಳಿದ್ದು ಒಂದೇ: "ಇದನ್ನ ಕೇಳಬೇಕಾದವರು ನಾನಾ?"

ಅವನು ತಲೆ ಅಲ್ಲಾಡಿಸಿದ.

"ಮತ್ತೆ? ಎದ್ದೇಳು. ನಿಮ್ಮಕ್ಕ ಎಷ್ಟು ಹೊತ್ತಿನವರೆಗೆ ಮನೇಲಿರ್ತಾಳೆ?"

ಅಕ್ಕ ಹೊರಡುವುದು ಆರಕ್ಕೆ. ಅವನು ಮನೆ ಮುಟ್ಟಿದಾಗ ಅವಳು ಬಾಗಿಲಲ್ಲಿ ಕೂತು ಎಡಗೈಯಿಂದ ಚಪ್ಪಲಿಯ ಬಕಲ್ಲು ಬಿಗಿಯುತ್ತಿದ್ದಳು. "ಯಾಕೋ ಮುಖ ಹಿಂಗಿದೆ?" ಎಂದಳು. ಅವನು ಮೆಟ್ಟಿಲ ಮೇಲೆ, ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ. ಕೂತವನು ಎದ್ದ. ಮತ್ತೆ ಕೂತ.

"ಅಕ್ಕಾ, ಅವತ್ತು ನೀನು ಕೇಳಿದ್ದೆ."

"ಯಾವತ್ತು? ಏನನ್ನ?"

ಅವನು ಅವಳ ಬೆರಳುಗಳನ್ನು ನೋಡಿದ. "ತೆಗ್ದ್ಯೇನೋ ಅಂತ ಕೇಳಿದ್ದೆ. ನಾನು ತೆಗ್ದೆ ಅಂದೆ. ನಾನು ತೆಗೆದಿದ್ದು ಕಿಟಕಿ ಅಕ್ಕ. ಪ್ಲಗ್ ಅಲ್ಲ."

ಬಕಲ್ಲಿನ ಮೇಲಿದ್ದ ಕೈ ನಿಂತಿತು. ಬೀದಿಯಲ್ಲಿ ಯಾರೋ ಶಟರು ಎಳೆದ ಸದ್ದಾಯಿತು.

"ನಾನು ಕೇಳಿದ್ನಾ?" ಎಂದಳು ಅಕ್ಕ.

"ಕೇಳಿದ್ದೆ."

"ಕೇಳಿ, ಆಮೇಲೆ ಕೈ ಇಟ್ನಾ?"

"ಹೌದಕ್ಕ. ನಾನು ಹೇಳಿದ ಮೇಲೇ ಇಟ್ಟಿದ್ದು."

"ಅಪ್ಪ ಸಾಯೋವರ್ಗೂ ನನ್ನ ಆತುರಗಾರತಿ ಅಂದ್ರಲ್ಲೋ. ನೀನು ಅಲ್ಲೇ ಕೂತಿರ್ತಿದ್ದೆ." ಮರುಕ್ಷಣ ಅವನ ಬೆನ್ನಿನ ಮೇಲೆ ಏಟು ಬಿತ್ತು. ಬಲಗೈಯ ಏಟು. ಮಡಚದ ಎರಡು ಬೆರಳು ಮೊದಲು ತಗುಲಿ ಚುರುಕ್ಕೆಂದಿತು. ಇನ್ನೊಂದು ಬಿತ್ತು. "ಅವತ್ತೇ ಹೇಳಿದ್ರೆ ಇಷ್ಟರಲ್ಲೇ ಮುಗೀತಿತ್ತು ಕಣೋ, ಮುಠ್ಠಾಳ" ಎಂದು ಅಳುತ್ತ ಬೈದಳು. "ಕೇಳಿದ್ನಂತೆ. ಕೇಳೇ ಇಟ್ನಂತೆ." ಅದನ್ನೇ ಎರಡು ಮೂರು ಸಲ ತನಗೆ ತಾನೇ ಹೇಳಿಕೊಂಡಳು. ಅವನು ಬೆನ್ನು ಒಡ್ಡಿಕೊಂಡೇ ಕೂತಿದ್ದ. ಮೂರನೆಯ ಏಟು ಬೀಳಲಿಲ್ಲ.

ಒಳಗೆ ಹೋಗಿ ಮುಖ ತೊಳೆದು ಬಂದಳು. ಬ್ಯಾಗು ಹೆಗಲಿಗೇರಿಸಿ, ಬಾಗಿಲೆಳೆದು, ಬೀಗ ಜಡಿದು, ಬೀಗದ ಕೈಯನ್ನು ಬ್ಯಾಗಿನೊಳಗೆ ಇಳಿಬಿಟ್ಟಳು. ಜಗ್ಗಿ ನೋಡಲಿಲ್ಲ. ಅವನನ್ನು ಕೇಳಲೂ ಇಲ್ಲ. ಮೆಟ್ಟಿಲಿಳಿದು ಗೇಟಿನತ್ತ ನಡೆದೇಬಿಟ್ಟಳು.

ಆನಾಫ್ ಅಣ್ಣನ ಕೈ ತಡೆಯದೆ ಬೀಗದ ಕಡೆ ಹೋಯಿತು.

"ಹಾಕಿದೀನಿ" ಎಂದಳು ಅಕ್ಕ, ತಿರುಗಿಯೂ ನೋಡದೆ. "ಬಾರೋ, ಬಸ್‌ಸ್ಟಾಪಿನವರೆಗೂ ಬಿಡು."